ಅಂಧರ ಬಾಳಿಗೆ ನಾದದ ಆಸರೆ: ಗಾನಯೋಗಿ ಪಂಚಾಕ್ಷರ ಗವಾಯಿಗಳವರು

ದಾಸೋಹವೆಂದರೆ ಹಸಿದವರಿಗೆ ಅನ್ನವಿಕ್ಕುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಉಂಡವನು ನಾಳೆ ಮತ್ತೊಬ್ಬರ ಮುಂದೆ ಕೈಯೊಡ್ಡದಂತೆ ಅವನಿಗೊಂದು ಕಾಯಕವನ್ನು ಕಲಿಸಿಕೊಡುವುದೂ ದಾಸೋಹವೇ ಎಂಬುದನ್ನು ಬಾಳಿ ತೋರಿಸಿದವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಪಂಡಿತ ಪಂಚಾಕ್ಷರ ಗವಾಯಿಗಳವರು. ಕಣ್ಣಿಲ್ಲದ ಮಕ್ಕಳನ್ನು ಹೆತ್ತ ಬಡ ಕುಟುಂಬಗಳಿಗೆ ಆಸರೆಯಾದ ಈ ಪುಣ್ಯಪುರುಷರ ಚರಿತ್ರೆಯನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಗವಾಯಿಗಳವರು ಜನಿಸಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಅವರ ಪೂರ್ವಾಶ್ರಮದ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನವರಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳು. ಅಂದಿನ ಹಳ್ಳಿಗಳಲ್ಲಿ ಇಂಥ ಮಕ್ಕಳಿಗೆ ಶಾಲೆಯಿರಲಿಲ್ಲ, ಉದ್ಯೋಗವಿರಲಿಲ್ಲ. ಹೆತ್ತವರು ಇರುವತನಕ ಒಂದು ತುತ್ತು, ಆಮೇಲೆ ಯಾರದೋ ಹಂಗು ಎಂಬುದೇ ಅವರ ಪಾಲಿಗೆ ಬಂದ ಬದುಕು. ಆದರೆ ಈ ಸೋದರರ ಕಂಠದಲ್ಲಿ ಗಾನವಿತ್ತು.

ಆ ಗಾನವನ್ನು ಗುರುತಿಸಿದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ ಸಮಾಜವನ್ನು ಎಚ್ಚರಿಸಿದ ಆ ಮಹಾನುಭಾವರು, ಈ ಬಾಲಕರ ಹಾಡನ್ನು ಕೇಳಿ ಕನಿಕರಪಟ್ಟು ಸುಮ್ಮನಾಗಲಿಲ್ಲ. ಅವರನ್ನು ಕರೆತಂದು ಸಂಗೀತ ವಿದ್ಯೆಗೆ ಏರ್ಪಾಡು ಮಾಡಿದರು. ಗದಿಗೆಯ್ಯನವರು ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ಅನಂತರ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನು ಕಲಿತು, ಎರಡೂ ಪದ್ಧತಿಗಳಲ್ಲಿ ನಿಷ್ಣಾತರಾದರು. ಪಂಚಾಕ್ಷರ ಗವಾಯಿಗಳೆಂದು ನಾಡಿನಲ್ಲೆಲ್ಲ ಪ್ರಸಿದ್ಧರಾದರು.

ಅಷ್ಟು ವಿದ್ಯೆಯಿದ್ದವರು ಯಾವುದಾದರೊಂದು ಸಂಸ್ಥಾನದ ಆಶ್ರಯದಲ್ಲಿ ಸುಖವಾಗಿರಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ತಮಗೆ ಗುರುಗಳು ಕೊಟ್ಟದ್ದನ್ನು ತಮ್ಮಂಥ ಮಕ್ಕಳಿಗೆ ಕೊಡುವುದೇ ಗುರುಋಣವನ್ನು ತೀರಿಸುವ ಬಗೆಯೆಂದು ನಿಶ್ಚಯಿಸಿ, ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಆ ಪಾಠಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ, ಹೊಲಗದ್ದೆಗಳಿರಲಿಲ್ಲ. ಗುರುಗಳು ಶಿಷ್ಯರನ್ನು ಕರೆದುಕೊಂಡು ಊರಿಂದೂರಿಗೆ ಹೋಗುತ್ತಿದ್ದರು. ಭಕ್ತರು ನೀಡಿದ ದವಸಧಾನ್ಯದಲ್ಲಿ ಅಡಿಗೆಯಾಗುತ್ತಿತ್ತು. ಶುಲ್ಕವಿಲ್ಲ, ಜಾತಿಯ ಕಟ್ಟಿಲ್ಲ. ಅಂಧರ ಜೊತೆಗೆ ಕಣ್ಣಿದ್ದ ಬಡ ಮಕ್ಕಳಿಗೂ ಅಲ್ಲಿ ಅನ್ನವಿತ್ತು, ವಿದ್ಯೆಯಿತ್ತು.

ಮಕ್ಕಳ ಸಂಖ್ಯೆ ಬೆಳೆದಂತೆ ಅನ್ನದ ಚಿಂತೆಯೂ ಬೆಳೆಯಿತು. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಬೆನ್ನಿಗಿದ್ದ ಬಲ ಮರೆಯಾಯಿತು. ಗವಾಯಿಗಳವರು ಮಕ್ಕಳನ್ನು ಮನೆಗೆ ಕಳುಹಿಸುವ ಮಾತೆತ್ತಲಿಲ್ಲ. ಗುರುಗಳ ನಾಮದಲ್ಲಿ ನಾಟಕ ಮಂಡಳಿಯೊಂದನ್ನು ಕಟ್ಟಿ, ಅದರ ಆದಾಯವನ್ನು ಮಕ್ಕಳ ಪೋಷಣೆಗೆ ವಿನಿಯೋಗಿಸಿದರು. ನಾಟಕದವರೆಂದರೆ ಸಂಭಾವಿತರು ಮೂಗು ಮುರಿಯುತ್ತಿದ್ದ ಕಾಲವದು. ವಿರಕ್ತ ಜೀವನ ನಡೆಸುವವರಿಗೆ ಈ ವ್ಯವಹಾರವೇಕೆಂದು ಕೇಳುವವರಿಗೆ ಆ ಮಕ್ಕಳ ಊಟದ ಪಂಕ್ತಿಯೇ ಉತ್ತರವಾಗಿತ್ತು. ರಂಗದ ಮೇಲೆ ಹಾಡುವುದು, ಹಾರ್ಮೋನಿಯಂ ಮತ್ತು ತಬಲಾ ನುಡಿಸುವುದು ಶಿಷ್ಯರಿಗೆ ಅಭ್ಯಾಸವೂ ಆಯಿತು, ಕಾಯಕವೂ ಆಯಿತು.

ಬಹುಕಾಲದ ಅಲೆದಾಟದ ನಂತರ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರ ಔದಾರ್ಯದಿಂದ 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ಸ್ಥಿರಗೊಂಡಿತು. ಆದರೆ ಆ ನೆಲೆಯಲ್ಲಿ ಗವಾಯಿಗಳವರು ಹೆಚ್ಚು ಕಾಲ ಇರಲಿಲ್ಲ. 1944ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ವ್ಯಕ್ತಿ ಮರೆಯಾದಾಗ ಸಂಸ್ಥೆಯೂ ಮರೆಯಾಗುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಶೈಶವದಲ್ಲಿಯೇ ದೃಷ್ಟಿಯನ್ನೂ ತಂದೆಯನ್ನೂ ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿದ್ದು, ಗವಾಯಿಗಳವರ ಮಡಿಲಿಗೆ ಬಂದ ಬಾಲಕನೊಬ್ಬ ಆ ಹೊಣೆಯನ್ನು ಹೊತ್ತರು. ಅವರೇ ಪಂಡಿತ ಪುಟ್ಟರಾಜ ಗವಾಯಿಗಳವರು. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅರವತ್ತಾರು ವರ್ಷ ಆಶ್ರಮವನ್ನು ನಡೆಸಿದರು. ಪಂಚಾಕ್ಷರ ಗವಾಯಿಗಳವರ ಶಿಷ್ಯರಾದ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ನಾಡಿನ ಹೆಸರಾಂತ ಗಾಯಕರಾದರು. ಇವರಷ್ಟು ಹೆಸರು ಮಾಡದೆ, ಊರೂರಲ್ಲಿ ಸಂಗೀತ ಪಾಠ ಹೇಳಿ, ಪುರಾಣ ಪ್ರವಚನಗಳಿಗೆ ಸಾಥ್ ನೀಡಿ ಸ್ವಂತ ದುಡಿಮೆಯಲ್ಲಿ ಸಂಸಾರ ನಡೆಸಿದ ಅಂಧ ಶಿಷ್ಯರು ಅನೇಕರು. ಹೊರೆಯೆನಿಸಿದ ಮಗನೇ ಮನೆಗೆ ಆಧಾರವಾದದ್ದು ಆಶ್ರಮದ ನಿಜವಾದ ಸಾಧನೆಯೆಂದು ನಾವು ತಿಳಿಯುತ್ತೇವೆ.

ತುಂಗಭದ್ರೆಯ ದಡದ ನಮ್ಮ ಸಾಣಾಪುರ ಸೀಮೆಗೆ ಗದಗು ದೂರದ ಊರೇನಲ್ಲ. ಕೊಪ್ಪಳದಲ್ಲಿ ಹುಬ್ಬಳ್ಳಿಯ ರೈಲು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಸುಗ್ಗಿಯಲ್ಲಿ ಮನೆಗೆ ಭತ್ತ ಬಂದಾಗ ದಾಸೋಹಕ್ಕೆಂದು ಒಂದು ಚೀಲ ತೆಗೆದಿಡುವುದು ನಮ್ಮ ಹಿರಿಯರು ಹಾಕಿಕೊಟ್ಟ ಮೇಲ್ಪಂಕ್ತಿ. ಅದು ನಡೆಯಲಿ. ಅದರೊಡನೆ, ನಮ್ಮ ಓಣಿಗಳಲ್ಲಿ ಕಣ್ಣಿಲ್ಲವೆಂದೋ ನಡೆಯಲಾರದೆಂದೋ ಮನೆಯ ಮೂಲೆಯಲ್ಲಿ ಕುಳಿತಿರುವ ಮಗುವಿದ್ದರೆ, ಅದರ ಹೆತ್ತವರ ಬಳಿ ಹೋಗಿ ಮಾತನಾಡೋಣ; ಆ ಮಗು ಕಲಿಯಬಲ್ಲ ವಿದ್ಯೆ ಯಾವುದೆಂದು ವಿಚಾರಿಸೋಣ, ಕಲಿಸುವವರ ಬಳಿಗೆ ಸೇರಿಸೋಣ. ಕಾಡಶೆಟ್ಟಿಹಳ್ಳಿಯ ಆ ಇಬ್ಬರು ಬಾಲಕರ ಹಾಡಿಗೆ ಕುಮಾರ ಮಹಾಸ್ವಾಮಿಗಳವರು ಕಿವಿಗೊಡದೆ ಹೋಗಿದ್ದರೆ ಪುಣ್ಯಾಶ್ರಮವೇ ಇರುತ್ತಿರಲಿಲ್ಲ. ಕಿವಿಗೊಡುವ ಆ ಕರ್ತವ್ಯ ಸದ್ಭಕ್ತರಾದ ನಮ್ಮೆಲ್ಲರದು.