ಮಾರಾಟವಾಗಿ ಬಂದವನು ಕಟ್ಟಿದ ರಾಜ್ಯ: ಯೂಸುಫ್ ಆದಿಲ್ ಷಾ ಮತ್ತು ದಖ್ಖನ್ನಿನ ಕುದುರೆ ವ್ಯಾಪಾರ

ವಿಜಯಪುರ: ಗೋಳಗುಮ್ಮಟದಡಿ ಮಹಮ್ಮದ್ ಆದಿಲ್ ಷಾ ಮಲಗಿದ್ದಾನೆ. ಇಬ್ರಾಹಿಂ ರೋಜಾದಲ್ಲಿ ಎರಡನೇ ಇಬ್ರಾಹಿಂ, ಅರ್ಧಕ್ಕೆ ನಿಂತ ಬಾರಾಕಮಾನಿನ ನೆರಳಿನಲ್ಲಿ ಎರಡನೇ ಅಲಿ. ಆದರೆ ಈ ಮನೆತನಕ್ಕೆ ಬುನಾದಿ ಹಾಕಿದ ಯೂಸುಫ್ ಆದಿಲ್ ಷಾನ ಗೋರಿಯನ್ನು ಹುಡುಕಿದರೆ ವಿಜಯಪುರ ನಗರದಲ್ಲಿ ಸಿಗುವುದಿಲ್ಲ. ಅದು ಇರುವುದು ದೂರದ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ ಗ್ರಾಮದಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿ. ಪ್ರವಾಸಿಗರು ಅತ್ತ ಹೋಗುವುದು ಅಪರೂಪ.

ಎರಡು ಶತಮಾನ ಆಳಿದ ರಾಜವಂಶದ ಈ ಮೂಲಪುರುಷ ದಖ್ಖನ್ನಿಗೆ ಬಂದದ್ದು ದಂಡೆತ್ತಿ ಅಲ್ಲ. ಮಾರಾಟದ ಸರಕಾಗಿ. ಕೊಂಡವರು ಅವನನ್ನು ಸೇರಿಸಿದ್ದು ಅರಮನೆಯ ಕುದುರೆ ಲಾಯಕ್ಕೆ.

ಅವನ ಹುಟ್ಟಿನ ಕಥೆಯನ್ನು ವಿಸ್ತಾರವಾಗಿ ಹೇಳುವವನು ಇತಿಹಾಸಕಾರ ಫೆರಿಷ್ತಾ. ಅವನ ಪ್ರಕಾರ ಯೂಸುಫ್ ಆಟೋಮನ್ ಸುಲ್ತಾನ ಎರಡನೇ ಮುರಾದನ ಮಗ. 1451ರಲ್ಲಿ ತಂದೆ ತೀರಿಕೊಂಡು ಅಣ್ಣ ಪಟ್ಟಕ್ಕೆ ಬಂದಾಗ ತಮ್ಮಂದಿರನ್ನು ಮುಗಿಸುವ ಪದ್ಧತಿಗೆ ಈ ಬಾಲಕನೂ ಬಲಿಯಾಗಬೇಕಿತ್ತು. ತಾಯಿ ಅವನ ಬದಲಿಗೆ ಬೇರೊಬ್ಬ ಹುಡುಗನನ್ನು ತೋರಿಸಿ, ಮಗನನ್ನು ಗುಟ್ಟಾಗಿ ವರ್ತಕನೊಬ್ಬನ ಕೈಗೆ ಒಪ್ಪಿಸಿದಳು. ಇರಾನಿನ ಸಾವಾ ಪಟ್ಟಣದಲ್ಲಿ ಬೆಳೆದ ಆತ ಮುಂದೆ ಹಡಗೇರಿ ಕೊಂಕಣದ ದಾಭೋಳಕ್ಕೆ ಬಂದಿಳಿದ.

ಕಥೆ ರೋಚಕವಾಗಿದೆ. ಆದರೆ ಫೆರಿಷ್ತಾ ಇದನ್ನು ಬರೆದದ್ದು ಯೂಸುಫ್ ತೀರಿದ ಸುಮಾರು ನೂರು ವರ್ಷಗಳ ನಂತರ, ಅದೂ ಯೂಸುಫನ ವಂಶಜನ ಆಶ್ರಯದಲ್ಲಿ ಇದೇ ವಿಜಯಪುರದಲ್ಲಿ ಕುಳಿತು. ಅದೇ ಕಾಲದ ಇನ್ನೊಬ್ಬ ಲೇಖಕ ರಫೀಉದ್ದೀನ್ ಶೀರಾಜಿ ಆಟೋಮನ್ ಸಂಬಂಧವನ್ನು ಹೇಳದೆ, ಸಾವಾದ ತುರ್ಕ್‌ಮನ್ ಅಧಿಕಾರಿಗಳ ಮನೆತನದಿಂದ ಯೂಸುಫನ ವಂಶವನ್ನು ಗುರುತಿಸುತ್ತಾನೆ. ಪೋರ್ಚುಗೀಸರು ಗೋವೆಯ ಒಡೆಯನನ್ನು ಸಬಾಯೊ ಎಂದು ಕರೆದದ್ದು ಈ ಸಾವಾ ಊರಿನ ಹೆಸರಿನಿಂದಲೇ ಎಂಬ ಅಭಿಪ್ರಾಯ ಬಲವಾಗಿದೆ. ರಾಜಕುಮಾರನಾಗಿದ್ದನೋ ಇಲ್ಲವೋ, ಬೀದರಿಗೆ ಬಂದಾಗ ಆತ ಮಾರಾಟಕ್ಕಿದ್ದ ಗುಲಾಮನಾಗಿದ್ದ ಎಂದು ಫೆರಿಷ್ತಾನೇ ಒಪ್ಪುತ್ತಾನೆ. 1460ರ ಸುಮಾರಿಗೆ ಅವನನ್ನು ಕೊಂಡವನು ಬಹಮನಿ ಆಸ್ಥಾನದ ಪ್ರಭಾವಿ ಖ್ವಾಜಾ ಮಹಮೂದ್ ಗವಾನ್. ಗವಾನ್ ಕೂಡ ಇರಾನಿನ ಗೀಲಾನ್ ಪ್ರಾಂತದಿಂದ ವರ್ತಕನಾಗಿಯೇ ಬೀದರಿಗೆ ಬಂದವನು. ಸರಕಿನ ಗುಣ ಅಳೆಯುವುದು ಅವನಿಗೆ ಗೊತ್ತಿತ್ತು.

ಲಾಯದ ಪಾಠ

ಯೂಸುಫ್ ಮೊದಲು ತುರ್ಕಿ ಅಂಗರಕ್ಷಕರ ಪಡೆ ಸೇರಿ, ಅನಂತರ ಅಶ್ವಶಾಲೆಯ ಮುಖ್ಯಸ್ಥ ಅಜೀಜ್ ಖಾನನ ಕೈಕೆಳಗೆ ದುಡಿದ. ಅಜೀಜ್ ಖಾನ್ ತೀರಿಕೊಂಡಾಗ ಗವಾನನ ಬೆಂಬಲದಿಂದ ಆ ಹುದ್ದೆ ಯೂಸುಫನಿಗೇ ದೊರೆಯಿತು. ಪಾರಸಿಯಲ್ಲಿ ಮೀರ್ ಆಖೂರ್ ಎನ್ನುವ ಈ ಪದವಿಯನ್ನು ಲಾಯದ ಮೇಸ್ತ್ರಿಯ ಕೆಲಸವೆಂದು ತಿಳಿದರೆ ತಪ್ಪಾದೀತು. ಅಂದಿನ ದಖ್ಖನ್ನಿನಲ್ಲಿ ಬೊಕ್ಕಸದ ದೊಡ್ಡ ಪಾಲು ಖರ್ಚಾಗುತ್ತಿದ್ದುದೇ ಕುದುರೆಗಳ ಮೇಲೆ.

ಅದಕ್ಕೆ ಕಾರಣ ನಮ್ಮ ನೆಲ ಮತ್ತು ಹವಾಮಾನ. ತೆಂಕಣ ಭಾರತದಲ್ಲಿ ದೊಡ್ಡ ಯುದ್ಧದ ಕುದುರೆಯ ಸಂತಾನ ಗಟ್ಟಿಯಾಗಿ ಬೆಳೆಯುತ್ತಿರಲಿಲ್ಲ. ಭೀಮಾ ತೀರದ ಸಣ್ಣ ಮೈಯ ತಟ್ಟುಗಳು ಬಿಸಿಲಿಗೂ ಬರಗಾಲಕ್ಕೂ ಅಂಜುವುದಿಲ್ಲ, ಹೇರು ಹೊರುತ್ತವೆ. ಆದರೆ ಕಬ್ಬಿಣದ ಅಂಗಿ ತೊಟ್ಟ ಸವಾರನನ್ನು ಹೊತ್ತು ಶತ್ರುವಿನ ಸಾಲಿನ ಮೇಲೆ ಎರಗಲು ಅರಬ್ಬೀ ಅಥವಾ ಇರಾಕಿ ಕುದುರೆಯೇ ಬೇಕಿತ್ತು. ಅವು ಹೊರ್ಮುಜ್, ಏಡನ್ ಬಂದರುಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಬಂದದ್ದು ಬಹುಕಾಲ ಬಾಳುತ್ತಲೂ ಇರಲಿಲ್ಲ. 13ನೇ ಶತಮಾನದಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಆರೈಕೆ ಅರಿಯದ ಕೈಗಳಲ್ಲಿ ಕುದುರೆಗಳು ಸಾಯುತ್ತಿದ್ದುದನ್ನೂ, ಪಶುವೈದ್ಯರು ಅಲ್ಲಿಗೆ ಹೋಗದಂತೆ ವರ್ತಕರೇ ತಡೆಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಕುದುರೆ ಸತ್ತರೆ ತಾನೇ ಮತ್ತೊಂದು ಮಾರಾಟ!

ಯೂಸುಫ್ ಏಳಿಗೆಗೆ ಬರುತ್ತಿದ್ದ ವರ್ಷಗಳಲ್ಲಿಯೇ ಈ ಪೇಟೆಯಲ್ಲಿ ಅದೃಷ್ಟ ಪರೀಕ್ಷಿಸಲು ಬಂದವನೊಬ್ಬ ರಷ್ಯನ್ ವರ್ತಕ ಅಫನಾಸಿ ನಿಕಿತಿನ್. 1469ರ ಸುಮಾರಿಗೆ ಚೌಲ್ ಬಂದರಿನಲ್ಲಿಳಿದಾಗ ಅವನ ಬಂಡವಾಳ ಒಂದೇ ಒಂದು ಗಂಡುಕುದುರೆ. ಜುನ್ನರದ ಅಧಿಕಾರಿ ಅಸದ್ ಖಾನ್ ಅದನ್ನು ಕಸಿದುಕೊಂಡು, ಮತಾಂತರವಾದರೆ ಕುದುರೆ ಮರಳಿಸಿ ಹಣವನ್ನೂ ಕೊಡುವುದಾಗಿ ಒತ್ತಾಯಿಸಿದ. ಖುರಾಸಾನಿನ ಪ್ರತಿಷ್ಠಿತನೊಬ್ಬನ ಮಧ್ಯಸ್ಥಿಕೆಯಿಂದ ಕುದುರೆ ಕೈಸೇರಿತು. ಬಳಿಕ ವರ್ಷದಷ್ಟು ಕಾಲ ಮೇವು ಹಾಕಿ ಸಾಕಿ ಬೀದರಿನಲ್ಲಿ ಅದನ್ನು ಮಾರಿದ. ಬಹಮನಿ ಕುದುರೆಗಳಿಗೆ ಕಾಳು ತಿನ್ನಿಸಿ, ಸಕ್ಕರೆ ಎಣ್ಣೆ ಬೆರೆಸಿದ ಕಿಚಡಿ ಬೇಯಿಸಿ ಹಾಕುತ್ತಿದ್ದರೆಂದು ಬರೆದವನೂ ಅವನೇ. ಮನುಷ್ಯರಿಗೇ ಅಪರೂಪವಾಗಿದ್ದ ಊಟ!

ಇಂದಿನ ಕಲಬುರಗಿ ಜಿಲ್ಲೆಯ ಆಳಂದದ ಜಾತ್ರೆಯನ್ನೂ ನಿಕಿತಿನ್ ವರ್ಣಿಸಿದ್ದಾನೆ. ಶೇಖ್ ಅಲಾವುದ್ದೀನರ, ಅಂದರೆ ಜನರ ಬಾಯಲ್ಲಿ ಲಾಡ್ಲೆ ಮಶಾಯಖರ, ದರ್ಗಾದ ಬಳಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಆ ಜಾತ್ರೆಗೆ 20,000 ಕುದುರೆಗಳವರೆಗೆ ಮಾರಾಟಕ್ಕೆ ಬರುತ್ತಿದ್ದವಂತೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅಲ್ಲಿ ಕೈ ಬದಲಾಗುತ್ತಿದ್ದವುಗಳಲ್ಲಿ ಸುಲ್ತಾನನ ಸವಾರಿಗೆ ಯೋಗ್ಯವಾದವು ಕೆಲವೇ. ಉಳಿದವು ಸಾಮಾನ್ಯ ಸವಾರನ ನಡುದರ್ಜೆಯ ಕುದುರೆಗಳು. ರಾಜ್ಯಗಳ ಬಲ ನಿಂತಿದ್ದುದು ಅವುಗಳ ಮೇಲೆಯೇ.

ಈ ನಡುದರ್ಜೆಯ ಕುದುರೆಯ ಲೆಕ್ಕ ಎಷ್ಟು ಬಿಗಿಯಾಗಿತ್ತೆಂಬುದು ಗವಾನನ ಸುಧಾರಣೆಗಳಲ್ಲಿ ಕಾಣುತ್ತದೆ. 500 ಸವಾರರ ದಳಪತಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಇದ್ದುದನ್ನು ಆತ ಒಂದೂಕಾಲು ಲಕ್ಷಕ್ಕೆ ಏರಿಸಿದ. ಜತೆಗೇ, ತಪಾಸಣೆಯಲ್ಲಿ ಸವಾರರ ಸಂಖ್ಯೆ ಕಡಿಮೆ ಬಿದ್ದರೆ ಅಷ್ಟು ಹಣ ಕಡಿತ ಮಾಡುವ ನಿಯಮವನ್ನೂ ತಂದ. ಅಂದರೆ ಕುದುರೆ ಸತ್ತ ನಷ್ಟ ದಳಪತಿಯ ಹೆಗಲಿಗೆ. ಯೂಸುಫ್ ಲಾಯ ಬಿಟ್ಟು ಬೇರಾರಿನ ಅಧಿಪತಿ ನಿಜಾಮ್ ಉಲ್ ಮುಲ್ಕನ ಬಳಿ ಸೇರಿ ಆದಿಲ್ ಖಾನ್ ಎಂಬ ಬಿರುದು ಪಡೆದಾಗ ಅವನಿಗೆ ದೊರೆತದ್ದೂ 500 ಸವಾರರ ದರ್ಜೆಯೇ. ಖೇರ್ಲಾ ಕೋಟೆ ಗೆದ್ದ ಗಳಿಗೆಯಲ್ಲಿ ನಿಜಾಮ್ ಉಲ್ ಮುಲ್ಕ್ ಕೊಲೆಯಾದಾಗ, ಯೂಸುಫ್ ಕೋಟೆಯನ್ನು ಕೈಬಿಡದೆ ಉಳಿಸಿ ಲೂಟಿಯ ಸಂಪತ್ತನ್ನು ರಾಜಧಾನಿಗೆ ತಲುಪಿಸಿದ. ಅಲ್ಲಿಂದ ಅವನ ಹೆಸರು ಮೇಲೇರಿತು. ಮುಂದೆ ದೌಲತಾಬಾದಿನ ಆಡಳಿತವೂ ದೊರೆಯಿತು.

1481ರ ಏಪ್ರಿಲ್ 5ರಂದು ಖೊಟ್ಟಿ ಪತ್ರವೊಂದರ ಆಧಾರದ ಮೇಲೆ ಸುಲ್ತಾನ ಮೂರನೇ ಮಹಮ್ಮದ್ ಗವಾನನ ತಲೆ ತೆಗೆಸಿದ. ಮಗನಂತೆ ನೋಡಿಕೊಂಡಿದ್ದ ಯೂಸುಫ್ ಆಗ ದಂಡಿನೊಂದಿಗೆ ದೂರದಲ್ಲಿದ್ದ. ವೈರಿಗಳು ಆ ಸಮಯವನ್ನೇ ಕಾದಿದ್ದರು. ಅನಂತರ ಗವಾನನ ಸ್ವಂತ ಉಸ್ತುವಾರಿಯಲ್ಲಿದ್ದ ವಿಜಯಪುರ ಪ್ರಾಂತ ಯೂಸುಫನಿಗೆ ಬಂತು.

ಪಶ್ಚಿಮದ ದಾರಿ

1489-90ರ ಸುಮಾರಿಗೆ ಅವನು ತನ್ನ ಹೆಸರಿನಲ್ಲಿ ಖುತ್ಬಾ ಓದಿಸಿ ಸ್ವತಂತ್ರನಾದನೆಂದು ಫೆರಿಷ್ತಾ ಹೇಳುತ್ತಾನೆ. ಬದುಕಿರುವವರೆಗೂ ಆತ ಬಹಮನಿ ಸುಲ್ತಾನನಿಗೆ ಹೆಸರಿಗಾದರೂ ತಲೆಬಾಗುತ್ತಿದ್ದ, ಷಾ ಎಂಬುದು ನಂತರದವರು ಸೇರಿಸಿದ್ದು ಎಂಬ ವಾದವೂ ವಿದ್ವಾಂಸರಲ್ಲಿದೆ. ಪೋರ್ಚುಗೀಸರಿಗಂತೂ ಈ ಮನೆತನದವರೆಲ್ಲ ಇದಾಲ್ಕಾಂ, ಅಂದರೆ ಆದಿಲ್ ಖಾನರೇ.

ವಿಜಯಪುರದಿಂದ ಪಡುವಣಕ್ಕೆ ಹೊರಟರೆ ತಿಕೋಟಾ, ಅಲ್ಲಿಂದ ಮುಂದೆ ಅಥಣಿ. ನೈಋತ್ಯಕ್ಕೆ ಹೊರಟರೆ ಬಬಲೇಶ್ವರ, ಮುಂದೆ ಜಮಖಂಡಿ. ಇಂದು ದ್ರಾಕ್ಷಿ ತೋಟಗಳಿಗೆ ಹೆಸರಾದ ಈ ಬಯಲಿನಾಚೆ ಘಟ್ಟ, ಘಟ್ಟದ ಕೆಳಗೆ ಕಡಲು. ಯೂಸುಫನ ರಾಜ್ಯ ಉಸಿರಾಡುತ್ತಿದ್ದುದು ಈ ದಿಕ್ಕಿನಿಂದ. ಮಳೆಗಾಲದಲ್ಲಿ ಕಡಲು ಕೆರಳಿ ಬಂದರುಗಳು ಮುಚ್ಚುತ್ತಿದ್ದವು, ಒಳನಾಡಿನ ಎರೆಮಣ್ಣು ಗೊರಸನ್ನು ಹಿಡಿದು ನಿಲ್ಲಿಸುತ್ತಿತ್ತು. ಆದ್ದರಿಂದ ವರ್ಷದ ಕೆಲವೇ ತಿಂಗಳಲ್ಲಿ ಕುದುರೆ ಇಳಿಯಬೇಕು, ಘಟ್ಟ ಹತ್ತಬೇಕು, ಬದುಕಿ ಲಾಯ ಸೇರಬೇಕು.

ಆ ಕಡಲ ಬಾಗಿಲುಗಳಲ್ಲಿ ದೊಡ್ಡದು ಗೋವಾ. 1472ರಲ್ಲಿ ಗವಾನ್ ಅದನ್ನು ವಿಜಯನಗರದಿಂದ ಕಿತ್ತುಕೊಂಡಿದ್ದ. ವಿಜಯನಗರಕ್ಕೆ ಉಳಿದದ್ದು ಹೊನ್ನಾವರ, ಭಟ್ಕಳದ ಬಂದರುಗಳು. 1479ರಲ್ಲಿ ಭಟ್ಕಳದ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ಅವರ ಹತ್ಯಾಕಾಂಡವೇ ನಡೆಯಿತೆಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ದಾಖಲಿಸಿದ್ದಾನೆ. ಬದುಕುಳಿದವರು ಗೋವೆಗೆ ಓಡಿಬಂದು ನೆಲೆಸಿ, ಅಲ್ಲಿನ ಕುದುರೆ ಪೇಟೆಯನ್ನು ಬೆಳೆಸಿದರು. ಅತ್ತ ವಿಜಯನಗರದ ಸಾಳುವ ನರಸಿಂಹ ಸಾವಿರ ವರಹಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಹಾದಿಯಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದ. ಸಮುದ್ರದಲ್ಲಿ ಸತ್ತಿದ್ದರೆ ಬಾಲ ತಂದು ತೋರಿಸಿದರೆ ಸಾಕಿತ್ತೆಂದು ನೂನಿಜ್ ಬರೆಯುತ್ತಾನೆ. ಎದುರಾಳಿಯ ಲಾಯ ತುಂಬಬಾರದೆಂಬ ಹಠಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಯೂಸುಫ್ ಗೋವೆಯನ್ನು ತನ್ನ ಎರಡನೇ ರಾಜಧಾನಿಯಂತೆ ನೋಡಿಕೊಂಡ. ಪಣಜಿಯಲ್ಲಿ ಮಾಂಡೋವಿ ದಂಡೆಯ ಮೇಲೆ ಇಂದಿಗೂ ನಿಂತಿರುವ ಆದಿಲ್ ಷಾ ಅರಮನೆ ಮೂಲತಃ ಅವನ ಕಾಲದ್ದೆಂಬ ಪ್ರತೀತಿ ಇದೆ. ಮನೆವಾರ್ತೆಯಲ್ಲಿ ಅವನು ಸ್ಥಳೀಯರೊಂದಿಗೆ ಬೆರೆತ. ಮರಾಠ ಸರದಾರ ಮುಕುಂದರಾವನನ್ನು ಯುದ್ಧದಲ್ಲಿ ಸೋಲಿಸಿ, ಸಂಧಿಯ ಬಳಿಕ ಅವನ ತಂಗಿಯನ್ನು ಮದುವೆಯಾದ. ಬೂಬೂಜಿ ಖಾನಂ ಎಂದು ಹೆಸರಾದ ಆಕೆಯೇ ಮುಂದಿನ ಅರಸ ಇಸ್ಮಾಯಿಲನ ತಾಯಿ. ಸಂಗೀತ, ಛಂದಸ್ಸು, ಸುಂದರ ಬರವಣಿಗೆ ಬಲ್ಲ ಯೂಸುಫ್ ಇರಾನ್, ತುರ್ಕಿಗಳ ಪಂಡಿತರನ್ನು ಕರೆಸಿಕೊಂಡ. 1502ರಲ್ಲಿ ಶಿಯಾ ಪಂಥವನ್ನು ರಾಜ್ಯಧರ್ಮವೆಂದು ಸಾರಿ ನೆರೆಯ ಸುಲ್ತಾನರ ದಂಡನ್ನು ಮೈಮೇಲೆ ಎಳೆದುಕೊಂಡದ್ದು ಅವನ ಆಳ್ವಿಕೆಯ ದೊಡ್ಡ ಸಾಹಸ. ಅದರಿಂದ ಪಾರಾಗಲು ರಾಜಧಾನಿಯನ್ನೇ ಬಿಟ್ಟು ಕೆಲಕಾಲ ಬೇರಾರಿಗೆ ಹೋಗಬೇಕಾಯಿತು.

ಅವನನ್ನು ಕೊನೆಗೆ ಕಾಡಿದ್ದು ನೆರೆಯವರಲ್ಲ. 1510ರ ಆರಂಭದಲ್ಲಿ ಹೊನ್ನಾವರ ಕಡೆಯ ನೌಕಾಪತಿ ತಿಮ್ಮೋಜನ ಪ್ರೇರಣೆಯಿಂದ ಅಫೋನ್ಸೊ ದ ಅಲ್ಬುಕರ್ಕ್ ಗೋವೆಗೆ ನುಗ್ಗಿದಾಗ ಊರು ಹೆಚ್ಚು ಪ್ರತಿರೋಧವಿಲ್ಲದೆ ಶರಣಾಯಿತು. ಹಡಗುಗಳು, ಫಿರಂಗಿಗಳು, ಲಾಯದ ಕುದುರೆಗಳು ಪೋರ್ಚುಗೀಸರ ಪಾಲಾದವು. ಮೇ ತಿಂಗಳಲ್ಲಿ ವಿಜಯಪುರದ ದೊಡ್ಡ ಸೇನೆ ಘಟ್ಟವಿಳಿದು ಬಂದು ಗೋವೆಯನ್ನು ಮರಳಿ ಪಡೆಯಿತು. ಅಲ್ಬುಕರ್ಕ್ ಹಡಗುಗಳಿಗೆ ಓಡಿದ. ಮಳೆಗಾಲ ಶುರುವಾಗಿ ಹೊರಗಡಲಿಗೆ ಹೋಗಲಾಗದೆ, ತಿಂಗಳುಗಟ್ಟಲೆ ಮಾಂಡೋವಿಯ ಮುಖದಲ್ಲೇ ಹಸಿವಿನಿಂದ ನರಳಿದ. ಆ ಸೇನೆಯನ್ನು ಯೂಸುಫನೇ ನಡೆಸಿದನೆಂದು ಫೆರಿಷ್ತಾ ಹೇಳಿದರೆ, ಅಷ್ಟರಲ್ಲೇ ಅವನು ತೀರಿಕೊಂಡಿದ್ದನೆಂಬ ವಾದವೂ ಇದೆ. ಅದೇ ವರ್ಷ ಅವನ ಬದುಕು ಮುಗಿಯಿತೆಂಬುದರಲ್ಲಿ ಹೆಚ್ಚಿನವರಿಗೆ ಒಮ್ಮತವಿದೆ.

1510ರ ನವೆಂಬರ್ 25ರಂದು ಅಲ್ಬುಕರ್ಕ್ ಮರಳಿ ಬಂದ. ಈ ಸಲ ಊರು ರಕ್ತದಲ್ಲಿ ತೊಯ್ದಿತು. ಗೋವಾ ಮತ್ತೆ ವಿಜಯಪುರದ ಕೈಗೆ ಬರಲಿಲ್ಲ.

ಹೊರ್ಮುಜಿನ ಕುದುರೆ ಹಡಗುಗಳು ಗೋವೆಯಲ್ಲಿಯೇ ಇಳಿಯಬೇಕೆಂದು ಅಲ್ಬುಕರ್ಕ್ ಕಟ್ಟಳೆ ಮಾಡಿದ. ವಿಜಯನಗರ, ವಿಜಯಪುರ ಎರಡೂ ಕಡೆಯವರು ಅವನ ಬಾಗಿಲು ಕಾದರು. ಇಬ್ಬರಿಗೂ ಆಸೆ ತೋರಿಸುತ್ತ ಆತ ಯಾರಿಗೂ ಪೂರ್ತಿ ಮಾತು ಕೊಡಲಿಲ್ಲ. ಒಂದೊಂದು ಕುದುರೆಯ ಮೇಲಿನ ಸುಂಕವೂ ಪೋರ್ಚುಗೀಸ್ ಗೋವೆಯ ಮುಖ್ಯ ಆದಾಯಗಳಲ್ಲೊಂದಾಯಿತು. ವಿಜಯಪುರದಲ್ಲಿ ಬಾಲಕ ಇಸ್ಮಾಯಿಲನ ಹೆಸರಿನಲ್ಲಿ ಆಳುತ್ತಿದ್ದ ಕಮಾಲ್ ಖಾನ್ ಸಿಂಹಾಸನವನ್ನೇ ಕಬಳಿಸಲು ಹೊರಟಾಗ, ಬೂಬೂಜಿ ಖಾನಂ ಅವನನ್ನು ಕೊಲ್ಲಿಸಿ, ಅರಮನೆಯನ್ನು ಮುತ್ತಿದವರ ಎದುರು ನಿಂತು ಮಗನ ಪಟ್ಟ ಉಳಿಸಿದಳು.

ಕೆಲವು ವರ್ಷಗಳ ನಂತರ ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಮುಸ್ಲಿಂ ದಲ್ಲಾಳಿಯೊಬ್ಬನ ಕೈಯಲ್ಲಿ 40,000 ವರಹ ಕೊಟ್ಟು ಕಳುಹಿಸಿದ. ಆತ ಹಣದೊಂದಿಗೆ ಇಸ್ಮಾಯಿಲನ ರಾಜ್ಯಕ್ಕೆ ಓಡಿಹೋದ. ಹಿಂದಕ್ಕೆ ಒಪ್ಪಿಸಿರೆಂಬ ಮಾತಿಗೆ ವಿಜಯಪುರ ಕಿವಿಗೊಡಲಿಲ್ಲ. 1520ರ ರಾಯಚೂರು ಯುದ್ಧಕ್ಕೆ ನೂನಿಜ್ ಹೇಳುವ ಕಾರಣ ಇದೇ. ಆ ಯುದ್ಧದಲ್ಲಿ ಯೂಸುಫನ ಮಗ ಕೃಷ್ಣೆಯನ್ನು ದಾಟಿ ಹೋಗಿ, ಸೋತು, ಪ್ರಾಣ ಉಳಿಸಿಕೊಂಡು ಮರಳಿದ.

ಗೋಗಿಯಲ್ಲಿ ಯೂಸುಫನ ಬಳಿಯೇ ಇಸ್ಮಾಯಿಲನ ಗೋರಿಯೂ ಮೊಮ್ಮಗ ಮೊದಲನೇ ಇಬ್ರಾಹಿಮನ ಗೋರಿಯೂ ಇವೆ. ವಿಜಯಪುರ ನಗರದಲ್ಲಿ ಗೋರಿ ಕಟ್ಟಿಸಿಕೊಂಡವರಲ್ಲಿ ಮೊದಲಿಗ ಮರಿಮಗ ಮೊದಲನೇ ಅಲಿ.