ಕುಂದಗೋಳದ ರಾಮಭಾವು: ಕನ್ನಡದ ಹುಡುಗ, ಮರಾಠಿ ರಂಗದ ಸುಭದ್ರೆ

ಬಂಕಾಪುರದಿಂದ ಹುಬ್ಬಳ್ಳಿ ಕಡೆ ಹೊರಟರೆ ಮೊದಲು ಶಿಗ್ಗಾವಿ ಸಿಗುತ್ತೆ. ಅದನ್ನು ದಾಟಿ ಬಲಕ್ಕೆ ಒಳಗೆ ಹೋದರೆ ಕುಂದಗೋಳ. ಇತ್ತ ಪೂರ್ವಕ್ಕೆ ಹೋದರೆ ಸವಣೂರು. ಬೈಕಿದ್ದರೆ ಮೂರೂ ಊರನ್ನು ಅರ್ಧ ದಿನದಲ್ಲಿ ಸುತ್ತಿ ಬರಬಹುದು. ಆದರೆ ನೂರಿಪ್ಪತ್ತು ವರ್ಷದ ಹಿಂದೆ ಇದು ಮೂರು ಸರ್ಕಾರಗಳ ನೆಲ. ಬಂಕಾಪುರ ಬ್ರಿಟಿಷರ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರಿಗೆ ನವಾಬರಿದ್ದರು. ಕುಂದಗೋಳವನ್ನು ಆಳುತ್ತಿದ್ದವರು ನೂರು ಕಿಲೋಮೀಟರಿಗೂ ಆಚೆಯಿದ್ದ ಜಮಖಂಡಿಯ ಪಟವರ್ಧನರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಅದರ ಮೇಲೆ ಇಂಗ್ಲಿಷು.

ಆ ಕುಂದಗೋಳದಲ್ಲಿ 1886ರ ಜನವರಿ 19ರಂದು ರಾಮಚಂದ್ರ ಅನ್ನೋ ಹುಡುಗ ಹುಟ್ಟಿದ. ಮುಂದೆ ರಾಮಭಾವು ಕುಂದಗೋಳಕರ ಆದ. ಅದಕ್ಕೂ ಮುಂದೆ, ಮರಾಠಿ ಸಂಗೀತ ನಾಟಕದ ಸ್ತ್ರೀ ಪಾತ್ರಗಳಲ್ಲಿ ಮೆರೆದು ಸವಾಯಿ ಗಂಧರ್ವರಾದರು. ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲ್‌ನಲ್ಲಿ ಸಭೆ, ವಿಚಾರ ಸಂಕಿರಣ ಅಂತ ಕೂತು ಎದ್ದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಆದರೆ ಅವರು ನಟರಾಗಿದ್ದರು, ಅದೂ ಸೀರೆ ಉಟ್ಟು ರಂಗದ ಮೇಲೆ ನಿಂತ ನಟ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಭೀಮಸೇನ ಜೋಶಿಯವರ ಗುರು ಅಂತ ಹೇಳಿ ಮುಗಿಸಿಬಿಡುತ್ತೇವೆ. ರಂಗಭೂಮಿಯ ವರ್ಷಗಳನ್ನು ಅವರ ಬದುಕಿನ ಅಡ್ಡದಾರಿ ಅನ್ನೋ ಹಾಗೆ ಬದಿಗಿಡುತ್ತೇವೆ. ನನ್ನ ಪ್ರಕಾರ ಆ ವರ್ಷಗಳನ್ನು ಬಿಟ್ಟರೆ ಈ ಮನುಷ್ಯ ಅರ್ಥವಾಗುವುದೇ ಇಲ್ಲ.

ಖಾನ್ ಸಾಹೇಬರ ಮುಂದೆ

ರಾಮಭಾವು ಅವರ ತಂದೆ ಗಣೇಶ ಸಂಶಿ, ಊರಿನ ಜಮೀನ್ದಾರರಾದ ನಾಡಿಗೇರರ ಬಳಿ ಗುಮಾಸ್ತರಾಗಿದ್ದರು. ಹುಡುಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ಹಾಕಿದರು. ಓದು ಹತ್ತಲಿಲ್ಲ, ಹಾಡು ಹತ್ತಿತು. ನಾಡಿಗೇರರ ವಾಡೆಗೆ ದೊಡ್ಡ ದೊಡ್ಡ ಗಾಯಕರು ಬಂದು ಹೋಗುತ್ತಿದ್ದರು. ಅವರಲ್ಲೊಬ್ಬರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಇಂದಿನ ಉತ್ತರ ಪ್ರದೇಶದ ಕೈರಾನಾ ಅವರ ಮೂಲ. ಕಿರಾಣಾ ಘರಾಣೆಗೆ ಆ ಊರಿಂದಲೇ ಆ ಹೆಸರು ಬಂದದ್ದು.

ಖಾನ್ ಸಾಹೇಬರು ಹುಡುಗನನ್ನು ಒಪ್ಪಿಕೊಂಡರು, ಆದರೆ ಷರತ್ತು ಹಾಕಿದರು: ಎಂಟು ವರ್ಷ ತಮ್ಮ ಜೊತೆಗೇ ಇರಬೇಕು. ಬ್ರಾಹ್ಮಣ ಗುಮಾಸ್ತರ ಮಗ ಮುಸ್ಲಿಂ ಉಸ್ತಾದರ ಹಿಂದೆ ಊರೂರು ತಿರುಗಿದ. ಒಂದೊಂದು ಸ್ವರಕ್ಕೂ ದಿನಗಟ್ಟಲೆ, ಒಂದೊಂದು ರಾಗಕ್ಕೆ ತಿಂಗಳುಗಟ್ಟಲೆ ಕೂರುವ ಪಾಠ. ಹರೆಯದಲ್ಲಿ ಕಂಠ ಒಡೆದಾಗ ದನಿ ಒರಟಾಯಿತು, ಹೇಳಿದ ಮಾತು ಕೇಳದಾಯಿತು. ಅದನ್ನು ಪಳಗಿಸಿದ್ದು ಬರೀ ಮೈಮುರಿದ ರಿಯಾಜು. ಮುಂದೆ ದೊಡ್ಡ ಹೆಸರು ಬಂದ ಮೇಲೂ ಅವರ ದನಿ ಕಾಯಲು ಹೊತ್ತು ಹಿಡಿಯುತ್ತಿತ್ತು. ಒಮ್ಮೆ ಕಾದರೆ ಮಾತ್ರ ಕೇಳುವವರು ಜಾಗ ಬಿಟ್ಟು ಏಳುತ್ತಿರಲಿಲ್ಲ.

ಬಣ್ಣ ಹಚ್ಚಿದ ಶಿಷ್ಯ

1908ರ ಆಸುಪಾಸಿನಲ್ಲಿ ರಾಮಭಾವು ನಾಟಕ ಕಂಪನಿ ಸೇರಿದರು. ಖಾನ್ ಸಾಹೇಬರಿಗೆ ಇದು ಸರಿ ಬರಲಿಲ್ಲ. ವರ್ಷಗಟ್ಟಲೆ ತಿದ್ದಿದ ಕಂಠವನ್ನು ಶಿಷ್ಯ ದಿನಾ ರಾತ್ರಿ ಟಿಕೆಟ್ಟಿಗೆ ಮಾರಿಕೊಳ್ಳುತ್ತಾನೆ ಅನ್ನುವುದು ಯಾವ ಗುರುವಿಗೆ ತಾನೇ ಹಿಡಿಸೀತು?

ಆದರೆ ಆ ರಂಗ ಎಂಥದ್ದು ಅಂತಲೂ ನೋಡಬೇಕು. ಮೈಕಿಲ್ಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಶಬ್ದ ಸ್ಪಷ್ಟವಾಗಿ ಮುಟ್ಟಬೇಕು. ರಾತ್ರಿ ಶುರುವಾದ ಆಟ ಬೆಳಗಿನ ಜಾವದವರೆಗೂ ನಡೆಯೋದು. ಜನ ವನ್ಸ್ ಮೋರ್ ಅಂದರೆ ಅದೇ ಪದವನ್ನು ಮತ್ತೆ, ಇನ್ನೊಂದು ರೀತಿಯಲ್ಲಿ ಹಾಡಬೇಕು. ಹಾಡುತ್ತಲೇ ಅಳಬೇಕು, ನಾಚಬೇಕು, ಸಿಟ್ಟಾಗಬೇಕು. ಖಾಸಗಿ ಮೈಫಿಲಿನಲ್ಲಿ ನಾಲ್ಕು ಜನ ಸಾಹುಕಾರರು ಕೇಳುತ್ತಿದ್ದ ರಾಗವನ್ನು ಇಲ್ಲಿ ಕೂಲಿಯವನೂ, ಅಂಗಡಿ ಹುಡುಗನೂ ಕೆಲವು ಆಣೆ ಕೊಟ್ಟು ಕೇಳುತ್ತಿದ್ದರು. ಶಾಸ್ತ್ರೀಯ ಸಂಗೀತವನ್ನು ವಾಡೆಯಿಂದ ಬೀದಿಗೆ ತಂದ ದೊಡ್ಡ ದಾರಿಗಳಲ್ಲಿ ನಾಟಕ ಕಂಪನಿಯೂ ಒಂದು.

ಅಣ್ಣಾಸಾಹೇಬ ಕಿರ್ಲೋಸ್ಕರರು 1882ರಲ್ಲಿ ರಂಗಕ್ಕೆ ತಂದ ‘ಸೌಭದ್ರ’ ಆ ಕಾಲದ ಜನರ ಅಚ್ಚುಮೆಚ್ಚಿನ ನಾಟಕ. ಅಣ್ಣ ಬಲರಾಮ ತಂಗಿಯನ್ನು ದುರ್ಯೋಧನನಿಗೆ ಕೊಡಬೇಕು ಅಂತಾನೆ. ತಂಗಿಯ ಮನಸ್ಸು ಅರ್ಜುನನ ಮೇಲೆ. ಆ ಸುಭದ್ರೆಯ ಪಾತ್ರದಲ್ಲಿ ರಾಮಭಾವು ಹೆಸರು ಮಾಡಿದರು. ಆಗ ಮರಾಠಿ ರಂಗದ ಅನಭಿಷಿಕ್ತ ರಾಣಿ ಅಂದರೆ ನಾರಾಯಣರಾವ ರಾಜಹಂಸ, ಅಂದರೆ ಬಾಲಗಂಧರ್ವ. ಅವರಿಗೆ ಹೋಲಿಸಿ ನಮ್ಮ ರಾಮಭಾವುಗೆ ಸವಾಯಿ ಗಂಧರ್ವ ಅನ್ನೋ ಬಿರುದು ಬಂತು. ಸವಾ ಅಂದರೆ ಒಂದೂಕಾಲು. ನಮ್ಮ ಸಂತೆಗಳಲ್ಲಿ ಸವಾ ಸೇರು ಅಂತಿದ್ದರಲ್ಲ, ಅದೇ. ಗಂಧರ್ವನಿಗಿಂತ ಒಂದು ಕಾಲು ಪಾಲು ಹೆಚ್ಚು.

ರಂಗ ಯಾರದ್ದು?

ಇಲ್ಲಿ ಸ್ವಲ್ಪ ನಿಲ್ಲೋಣ. ಮರಾಠಿ ರಂಗದ ಈ ಕಿರೀಟ ಕನ್ನಡಿಗನ ತಲೆಗೆ ಬಂದದ್ದು ಆಕಸ್ಮಿಕ ಏನಲ್ಲ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಆಟ ಆಡಿತು. ಅದರ ಪ್ರೇರಣೆಯಿಂದ ಮರುವರ್ಷ ವಿಷ್ಣುದಾಸ ಭಾವೆ ಮರಾಠಿಯಲ್ಲಿ ‘ಸೀತಾಸ್ವಯಂವರ’ ಆಡಿಸಿದರು. ಕಿರ್ಲೋಸ್ಕರರು ಹುಟ್ಟಿದ್ದೇ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇನ್ನೊಂದು ಕಡೆ, ಮರಾಠಿ ನಾಟಕಗಳ ಅಬ್ಬರ ಕಂಡು ಕನ್ನಡದವರೂ ಆಡಬೇಕು ಅಂತ ಎದ್ದು ನಿಂತವರು ಹಿರೇಕೆರೂರು ಸೀಮೆಯ ಸಾತೇನಹಳ್ಳಿಯಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯ, ಅಂದರೆ ಶಾಂತಕವಿಗಳು. 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಆ ಹಟದಲ್ಲಿ ಸ್ವಾಭಿಮಾನ ಇತ್ತು, ಅದು ಬೇಕೂ ಇತ್ತು. ಆದರೆ ಎರಡೂ ಕಡೆಯ ರಂಗ ಪರಸ್ಪರ ಕೊಟ್ಟು ತಗೊಂಡೇ ಬೆಳೆದದ್ದು. ವರ್ಷಕ್ಕೊಮ್ಮೆ ಬೆಳಗಾವಿ ಹೆಸರಲ್ಲಿ ಎರಡೂ ಕಡೆ ಬಸ್ಸಿಗೆ ಮಸಿ ಬಳಿಯುವವರಿಗೆ ಈ ಕೊಡು-ಕೊಳ್ಳುವಿಕೆ ನೆನಪಿರುವುದಿಲ್ಲ.

ಹಾಗಂತ ಆ ರಂಗವನ್ನು ಸ್ವರ್ಗ ಮಾಡಿ ಹೇಳುವುದೂ ಸುಳ್ಳಾಗುತ್ತೆ. ಗಂಡಸರು ಸುಭದ್ರೆಯಾಗಿ ಮೆರೆದದ್ದು ಹೆಂಗಸರಿಗೆ ಜಾಗ ಇರಲಿಲ್ಲ ಅನ್ನೋ ಕಾರಣಕ್ಕೆ. ಸೀರೆಯುಟ್ಟ ಗಂಡಸಿಗೆ ಮನೆತನಸ್ಥರ ಚಪ್ಪಾಳೆ ಸಿಗುತ್ತಿತ್ತು. ಅದೇ ಹಾಡನ್ನು ನಿಜವಾದ ಹೆಂಗಸು ಹಾಡಿದರೆ ಅವಳ ಜಾತಿ, ನಡತೆ ಎರಡೂ ಚರ್ಚೆಗೆ ಬರುತ್ತಿದ್ದವು. ಈ ಗೋಡೆಗೆ ಬಿರುಕು ಬಿಟ್ಟವರಲ್ಲಿ ಖಾನ್ ಸಾಹೇಬರ ಮಗಳು ಹೀರಾಬಾಯಿ ಬಡೋದೇಕರ್ ಪ್ರಮುಖರು. ಅಷ್ಟರಲ್ಲಿ 1931ಕ್ಕೆ ಮಾತಾಡುವ ಸಿನಿಮಾ ಬಂತು, 1934ಕ್ಕೆ ಕನ್ನಡದಲ್ಲಿ ‘ಸತಿ ಸುಲೋಚನಾ’. ಕಂಪನಿಗಳು ಒಂದೊಂದಾಗಿ ಸೊರಗಿದವು. ಬಾಲಗಂಧರ್ವರು ಸಿನಿಮಾದಲ್ಲಿ ಕೈಸುಟ್ಟುಕೊಂಡರು. ರಾಮಭಾವು ಆ ಕಡೆ ಹೋಗದೆ ಊರಿಗೆ ಮರಳಿ, ಹಾಡುತ್ತ ಕಲಿಸುತ್ತ ಉಳಿದರು.

ಕುಂದಗೋಳದ ಪಡಸಾಲೆ

ಆ ಮನೆಗೆ ಬಂದವರನ್ನು ನೋಡಿ. ಮನೆ ಬಿಟ್ಟು ಓಡಿಬಂದ ಗದಗಿನ ಹುಡುಗ ಭೀಮಸೇನ. ಪಾಠಕ್ಕಿಂತ ಮೊದಲು ನೀರು ಹೊತ್ತ, ಮನೆಗೆಲಸ ಮಾಡಿದ. ಮುಂಬೈಯ ಪಾರ್ಸಿ ಹುಡುಗ ಫಿರೋಜ್ ದಸ್ತೂರ್. 1933ರ ‘ಲಾಲ್-ಎ-ಯಮನ್’ ಚಿತ್ರದಲ್ಲಿ ಬಾಲನಟನಾಗಿ ಹಾಡಿ ಹೆಸರಾಗಿದ್ದವನು, ತೆರೆಯ ಖ್ಯಾತಿ ಬಿಟ್ಟು ರಾಗದ ದಾರಿ ಹಿಡಿದ. ಮತ್ತೆ ಗಂಗೂಬಾಯಿ ಹಾನಗಲ್.

ಗಂಗೂಬಾಯಿಯವರ ಕಥೆ ಬೇರೆಯೇ ಭಾರದ್ದು. ಹಾಡುವ ಹೆಂಗಸರ ಮನೆತನ, ಮೇಲುಜಾತಿಯವರು ಕೀಳಾಗಿ ಕಂಡ ಹುಟ್ಟು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಲು ಹೋದ ಆ ಬಾಲಕಿಗೆ ಹಾಡಿನ ಭಯ ಇರಲಿಲ್ಲ, ಊಟದ ಹೊತ್ತಿಗೆ ಎಲ್ಲಿ ಕೂರಿಸುತ್ತಾರೋ, ಎಂಜಲು ತೆಗೆಸುತ್ತಾರೋ ಅನ್ನೋ ಭಯ ಇತ್ತು. ಅಂಥ ಹೆಣ್ಣುಮಗಳು 1930ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು, ಪಾಠ ಮುಗಿಸಿ, ರಾತ್ರಿ ರೈಲಿಗೆ ವಾಪಸ್ಸಾಗುತ್ತಿದ್ದರು. ದಾರಿಯಲ್ಲಿ ಚುಚ್ಚುಮಾತು ಆಡುವವರು ಇದ್ದೇ ಇದ್ದರು. ಗುರು ಮಾತ್ರ ಅದೇ ಒಂದು ಪಲುಕನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು, ಸರಿಯಾಗುವ ತನಕ ಮುಂದಕ್ಕೆ ಬಿಡುತ್ತಿರಲಿಲ್ಲ. ಮುಸ್ಲಿಂ ಗುರುವಿನ ಬ್ರಾಹ್ಮಣ ಶಿಷ್ಯ, ಹೆಣ್ಣಿನ ವೇಷದಲ್ಲಿ ಬಾಳಿದ ಗಂಡಸು, ತನ್ನ ವಿದ್ಯೆಯನ್ನು ಸಮಾಜ ದೂರ ಇಟ್ಟ ಹೆಣ್ಣಿನ ಕೊರಳಿಗೆ ದಾಟಿಸಿದ. ಅವರು ಭಾಷಣ ಮಾಡಿದವರಲ್ಲ, ಚಳವಳಿ ಕಟ್ಟಿದವರೂ ಅಲ್ಲ. ಆದರೆ ಬಗೆಬಗೆಯ ಜನ ಒಂದೇ ಚಾಪೆ, ಒಂದೇ ಪಂಕ್ತಿಯಲ್ಲಿ ಬದುಕುತ್ತಿದ್ದ ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದವರು. ಆ ಪಡಸಾಲೆಯ ಬಾಗಿಲು ಅಷ್ಟು ಅಗಲ ಇದ್ದದ್ದರಲ್ಲಿ ಕಂಪನಿ ದಿನಗಳ ಪಾಲೂ ಇದೆ ಅಂತ ನಾನು ನಂಬುತ್ತೇನೆ.

1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಹೊಡೆಯಿತು, ಹಾಡು ನಿಂತಿತು. 1948ರಲ್ಲಿ ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಕುಂದಗೋಳ ಕರ್ನಾಟಕವಾದದ್ದು 1956ರಲ್ಲಿ, ಅದನ್ನು ಅವರು ಕಾಣಲಿಲ್ಲ. ಮರುವರ್ಷವೇ, ಅಂದರೆ 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಭೀಮಸೇನರು ಅದನ್ನು ದೇಶದ ಅತಿ ದೊಡ್ಡ ಸಂಗೀತ ಜಾತ್ರೆಗಳಲ್ಲಿ ಒಂದಾಗಿ ಬೆಳೆಸಿದರು. ಇತ್ತ ಕುಂದಗೋಳದಲ್ಲೂ ನಾಡಿಗೇರರ ವಾಡೆಯಲ್ಲಿ ಅವರ ನೆನಪಿನ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂದಿದೆ. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಬೆಳಗಾಗುವ ತನಕ ಕೂರುತ್ತಾರೆ.

ಅವರ ಕೆಲವು ಹಳೆಯ ಗ್ರಾಮಫೋನ್ ಮುದ್ರಿಕೆಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಒಂದೊಂದು ಮೂರೇ ನಿಮಿಷ, ಗರಗರ ಸದ್ದು ಬೇರೆ. ಮುಂದಿನ ಸಲ ಆ ಹಾಲ್‌ಗೆ ಸಭೆಗೆ ಹೋಗುವ ಮುಂಚೆ ಒಂದನ್ನು ಕೇಳಿ. ಈ ದನಿ ಕನ್ನಡದ್ದೋ ಮರಾಠಿಯದ್ದೋ, ಹಿಂದೂವಿನದ್ದೋ ಮುಸ್ಲಿಮರದ್ದೋ, ಗಂಡಿನದೋ ಹೆಣ್ಣಿನದೋ ಅಂತ ಬೇರ್ಪಡಿಸಲು ಆಗುತ್ತಾ ನೋಡಿ.