ಮೈಸೂರಿಗೆ ಸಂವಿಧಾನ ಬರೀಬೇಕಿದ್ದ ಕೆ.ಸಿ. ರೆಡ್ಡಿ

ಮೂಡಿಗೆರೆ, ಕಳಸದ ತೋಟಗಳೆಲ್ಲ ಆಗ ಕಡೂರು ಜಿಲ್ಲೆಗೆ ಸೇರಿದ್ದವು, ಮೈಸೂರು ಮಹಾರಾಜರ ಸೀಮೆ. 1947ರ ಆಗಸ್ಟ್ 15ಕ್ಕೆ ಬ್ರಿಟಿಷರು ಹೊರಟರೂ ಇಲ್ಲಿ ದಿವಾನರ ದರ್ಬಾರು ಹಾಗೇ ಇತ್ತು. ಪ್ರಜಾಪ್ರತಿನಿಧಿ ಸಭೆ ಅಂತ 1881ರಿಂದಲೇ ಒಂದಿತ್ತು ನಿಜ. ಆದರೆ ಅಲ್ಲಿ ಅಹವಾಲು ಹೇಳಬಹುದಿತ್ತು, ಸರ್ಕಾರ ಬದಲಾಯಿಸೋಕೆ ಆಗ್ತಿರಲಿಲ್ಲ.

ಅದನ್ನು ಬದಲಾಯಿಸೋಕೆ ಮುಂದೆ ನಿಂತವರು ಕೋಲಾರ ಜಿಲ್ಲೆ ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿ. ಹುಟ್ಟಿದ್ದು 1902ರ ಮೇ 4. ಕಾನೂನು ಓದಿ, 1930ರಲ್ಲಿ ಗೆಳೆಯರ ಜೊತೆ ಪ್ರಜಾಪಕ್ಷ ಕಟ್ಟಿದರು. ಆಮೇಲೆ ಕಾಂಗ್ರೆಸ್ಸು.

ದೇಶದ ಸಂವಿಧಾನ ಸಭೆಯಲ್ಲಿ ಹತ್ತು ಲಕ್ಷ ಜನಕ್ಕೆ ಒಂದು ಸ್ಥಾನ ಅನ್ನೋ ಲೆಕ್ಕ. ಮೈಸೂರಿಗೆ 7 ಬಂತು. ಅದರಲ್ಲಿ ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ, ಟಿ. ಚನ್ನಯ್ಯ ಇದ್ದರು. ನಮ್ಮ ಹಾಗೇ ಕಾಫಿ ಬೆಳೆಯೋ ಕೊಡಗು ಬೇರೆ ಪ್ರಾಂತ್ಯ, ಅದಕ್ಕೆ ಒಂದೇ ಸೀಟು, ಸಿ.ಎಂ. ಪೂಣಚ್ಚ. ಇವರನ್ನೆಲ್ಲ ಜನ ನೇರವಾಗಿ ಓಟು ಹಾಕಿ ಕಳಿಸಿದ್ದಲ್ಲ ಅನ್ನೋದೂ ನೆನಪಿರಲಿ.

1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಶುರುವಾಯ್ತು. ನಾಯಕರು ಜೈಲಿಗೆ ಹೋದರು, ಚಳವಳಿ ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಅರಮನೆ ಬಗ್ಗಿತು, ರೆಡ್ಡಿ ಮೊದಲ ಮುಖ್ಯಮಂತ್ರಿ ಆದರು. ಒಪ್ಪಂದದ ಪ್ರಕಾರ ಮೈಸೂರಿಗೇ ಬೇರೆ ಸಂವಿಧಾನ ಬರೆಯೋಕೆ ಒಂದು ಸಭೆ ಆಗಬೇಕಿತ್ತು. ಅದೂ ಆಯ್ತು.

ವಿಚಿತ್ರ ಅಂದ್ರೆ ಆ ಸಭೆ ಮೈಸೂರಿನ ಸಂವಿಧಾನ ಬರೆದು ಮುಗಿಸಲೇ ಇಲ್ಲ. 1949ರ ಮೇನಲ್ಲಿ ಸಂಸ್ಥಾನಗಳ ಮುಖ್ಯಮಂತ್ರಿಗಳೆಲ್ಲ ದೆಹಲಿಯಲ್ಲಿ ಸೇರಿ, ಬೇರೆ ಬೇರೆ ಯಾಕೆ, ದೇಶದ ಸಂವಿಧಾನವೇ ಎಲ್ಲರಿಗೂ ಸಾಕು ಅಂತ ತೀರ್ಮಾನಿಸಿದರು. ಮೈಸೂರು ಸಭೆಯೂ ಒಪ್ಪಿತು. ಸಂವಿಧಾನ ಅಂಗೀಕಾರ ಆಗೋ ಹಿಂದಿನ ದಿನ, ನವೆಂಬರ್ 25ಕ್ಕೆ ಜಯಚಾಮರಾಜ ಒಡೆಯರ್ ಘೋಷಣೆ ಹೊರಡಿಸಿದರು. ಬರೆಯೋಕೆ ಬಂದ ಸಭೆ ಕೊನೆಗೆ 1952ರ ಚುನಾವಣೆವರೆಗೆ ವಿಧಾನಸಭೆಯಾಗಿ ಕೆಲಸ ಮಾಡ್ತು. ಹೋರಾಡಿ ಪಡೆದ ಅಧಿಕಾರವನ್ನು ಹೀಗೆ ಬಿಟ್ಟುಕೊಡೋದು ಸಣ್ಣ ಮಾತಲ್ಲ.

ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟಿದ್ದು 1951ರ ಜುಲೈ 13, ಆಗ ಮುಖ್ಯಮಂತ್ರಿ ರೆಡ್ಡಿಯೇ. ಈಗ ಜನಕ್ಕೆ ನೆನಪಿರೋದು ಅದನ್ನು ಕಟ್ಟಿಸಿದ ಹನುಮಂತಯ್ಯ ಮಾತ್ರ. ಎಲ್ಲರಿಗೂ ಓಟು ಸಿಕ್ಕ ಮೊದಲ ಚುನಾವಣೆ ಮುಗಿದಾಗ ಮುಖ್ಯಮಂತ್ರಿ ಕುರ್ಚಿಯೂ ಹನುಮಂತಯ್ಯನವರ ಪಾಲಾಯ್ತು. ರೆಡ್ಡಿ ದೆಹಲಿಗೆ ಹೋಗಿ ನೆಹರೂ ಸಂಪುಟದಲ್ಲಿ ಮಂತ್ರಿಯಾದರು, ಆಮೇಲೆ ಮಧ್ಯಪ್ರದೇಶದ ರಾಜ್ಯಪಾಲರಾದರು. 1976ರ ಫೆಬ್ರವರಿ 27ಕ್ಕೆ ತೀರಿಕೊಂಡರು.